25 ಸಾವಿರ ಬಾತ್ ಸಂಬಳ: ಥಾಯ್ಲೆಂಡ್‌ನ ಈ ಟೀಚರ್ ಕೆಲಸ ಒಪ್ಪಬಹುದಾ?

ಪ್ರಶ್ನೆ: ನಾನು ಹಾಸನದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಎಂ.ಎ., ಬಿ.ಎಡ್. ಆಗಿದೆ. ಆರು ವರ್ಷದ ಅನುಭವ ಇದೆ. ಸಂಬಳ 24 ಸಾವಿರ. ಅಪ್ಪ ಅಮ್ಮನ ಜೊತೆ ಇರುವುದರಿಂದ ತಿಂಗಳಿಗೆ 7 ಸಾವಿರ ಉಳಿಯುತ್ತದೆ. ಬೆಂಗಳೂರಿನ ಏಜೆಂಟ್ ಒಬ್ಬರ ಮೂಲಕ ಥಾಯ್ಲೆಂಡ್‌ನ ಕೋರಾಟ್‌ನಲ್ಲಿರುವ ಸರ್ಕಾರಿ ಶಾಲೆಗೆ ಆಫರ್ ಬಂದಿದೆ. ಒಪ್ಪಂದ ಮಾಡಿಕೊಳ್ಳುವುದು ಮಾತ್ರ ಬ್ಯಾಂಕಾಕ್‌ನ ಒಂದು ಏಜೆನ್ಸಿ. ತಿಂಗಳಿಗೆ 25 ಸಾವಿರ ಬಾತ್. ಮೇ 16ರಿಂದ ಮಾರ್ಚ್ 15ರವರೆಗೆ ಕೆಲಸ. ಏಜೆಂಟ್ ಫೀಸ್ 60 ಸಾವಿರ ರೂಪಾಯಿ. ಮೊದಲು ಟೂರಿಸ್ಟ್ ಆಗಿ ಬನ್ನಿ, ಆಮೇಲೆ ಲಾವೋಸ್‌ಗೆ ಹೋಗಿ ವೀಸಾ ಮಾಡಿಸೋಣ ಅನ್ನುತ್ತಾರೆ. ಮಧ್ಯದಲ್ಲಿ ಕೆಲಸ ಬಿಟ್ಟರೆ 20 ಸಾವಿರ ಬಾತ್ ದಂಡವಂತೆ. ಅದೇ ಶಾಲೆಯಲ್ಲಿ ಅಮೆರಿಕದವರಿಗೆ 38 ಸಾವಿರ ಕೊಡುತ್ತಾರೆ ಅಂತಲೂ ಕೇಳಿದೆ. ಮನೆಯವರು ಒಪ್ಪುತ್ತಿಲ್ಲ. ಇದು ನ್ಯಾಯವಾದ ಆಫರ್ರಾ? ಒಂದು ವಾರದಲ್ಲಿ ಹೇಳಬೇಕು.

ಉತ್ತರ: ಮೇಡಂ, ನೇರವಾಗಿ ಹೇಳುತ್ತೇನೆ. ಈಗಿರುವ ರೂಪದಲ್ಲಿ ಈ ಆಫರ್ ನ್ಯಾಯವಾದದ್ದಲ್ಲ. ಹಾಗಂತ ಥಾಯ್ಲೆಂಡ್‌ಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಇದೇ 25 ಸಾವಿರ ಬಾತ್ ಸಂಬಳಕ್ಕೆ ಒಳ್ಳೆಯ ಕೆಲಸವೂ ಸಿಗುತ್ತದೆ. ವ್ಯತ್ಯಾಸ ಇರುವುದು ಸಂಬಳದ ಅಂಕಿಯಲ್ಲಲ್ಲ. ರಜೆ ತಿಂಗಳ ಸಂಬಳ ಯಾರು ಕೊಡುತ್ತಾರೆ, ಕಾಗದಪತ್ರದ ಖರ್ಚು ಯಾರದ್ದು, ಏನಾದರೂ ಎಡವಟ್ಟಾದರೆ ಪೊಲೀಸರ ಮುಂದೆ ನಿಲ್ಲುವವರು ಯಾರು, ಇದನ್ನು ನೋಡಬೇಕು. ನಿಮ್ಮ ಆಫರ್‌ನಲ್ಲಿ ಈ ಮೂರೂ ನಿಮ್ಮ ತಲೆಯ ಮೇಲೇ ಇವೆ.

ಮೊದಲು ಲೆಕ್ಕ ಹಾಕೋಣ. ಅಲ್ಲಿ ಕೆಲವು ವರ್ಷ ಕಲಿಸಿದವನು ನಾನು. ಆಮೇಲೆ ತುಂಬಾ ಜನ ಟೀಚರ್‌ಗಳ ಒಪ್ಪಂದಗಳನ್ನು ಓದಿ ಕೊಟ್ಟಿದ್ದೇನೆ. ಏಜೆಂಟರು ತೋರಿಸುವುದು ಯಾವಾಗಲೂ ತಿಂಗಳ ಲೆಕ್ಕ. ನೀವು ವರ್ಷದ ಲೆಕ್ಕ ನೋಡಬೇಕು.

ಒಂದು ಬಾತ್‌ಗೆ ಎರಡೂಮುಕ್ಕಾಲು ರೂಪಾಯಿ ಅಂತ ಇಟ್ಟುಕೊಳ್ಳೋಣ. ಈ ದರ ಏರಿಳಿಯುತ್ತದೆ, ಸಹಿ ಹಾಕುವ ದಿನ ನೀವೇ ಒಮ್ಮೆ ನೋಡಿಕೊಳ್ಳಿ. 25 ಸಾವಿರ ಬಾತ್ ಅಂದರೆ ಹತ್ತಿರ ಹತ್ತಿರ 69 ಸಾವಿರ ರೂಪಾಯಿ. ನಿಮ್ಮ ಈಗಿನ ಸಂಬಳದ ಮೂರು ಪಟ್ಟಿಗೆ ಹತ್ತಿರ. ಏಜೆಂಟ್ ನಿಮಗೆ ಹೇಳಿರುವುದೂ ಇದನ್ನೇ ಇರಬೇಕು. ಆದರೆ ಒಪ್ಪಂದ ಇರುವುದು ಮೇ 16ರಿಂದ ಮಾರ್ಚ್ 15ರವರೆಗೆ. ಅಂದರೆ 10 ತಿಂಗಳು. ಥಾಯ್ ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತವೆ. ಏಪ್ರಿಲ್‌ನಲ್ಲಿ ಸೊಂಗ್‌ಕ್ರಾನ್ ಹಬ್ಬ, ವಿಪರೀತ ಸೆಕೆ, ಶಾಲೆಗೆ ರಜೆ. ಆ ಎರಡು ತಿಂಗಳು ನಿಮಗೆ ಸಂಬಳ ಇಲ್ಲ. ವರ್ಷದ ಒಟ್ಟು ಆದಾಯ 2 ಲಕ್ಷ 50 ಸಾವಿರ ಬಾತ್. ಅದನ್ನು 12ಕ್ಕೆ ಹಂಚಿದರೆ ತಿಂಗಳಿಗೆ 21 ಸಾವಿರವೂ ಬರುವುದಿಲ್ಲ.

ಇನ್ನೊಂದು ಮಾತು ಕೇಳಿಕೊಳ್ಳಿ. ಅಕ್ಟೋಬರ್‌ನಲ್ಲಿ ಎರಡು ಸೆಮಿಸ್ಟರ್‌ಗಳ ಮಧ್ಯೆ ಕೆಲವು ವಾರ ರಜೆ ಬರುತ್ತದೆ. ಕೆಲವು ಏಜೆನ್ಸಿಗಳು ಆ ತಿಂಗಳು ಅರ್ಧ ಸಂಬಳ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ನಿಮ್ಮ ಒಪ್ಪಂದದಲ್ಲಿ ಅಕ್ಟೋಬರ್ ಬಗ್ಗೆ ಏನು ಬರೆದಿದೆ ಅಂತ ನೀವು ತಿಳಿಸಿಲ್ಲ. ಅಲ್ಲಿ ಏನೂ ಬರೆದಿಲ್ಲವಾದರೆ, ಕೇಳದೇ ಬಿಡಬೇಡಿ. ನಾನು ಕೆಳಗೆ ಹಾಕುವ ಲೆಕ್ಕದಲ್ಲಿ ಅಕ್ಟೋಬರ್‌ಗೆ ಪೂರ್ತಿ ಸಂಬಳ ಬರುತ್ತದೆ ಅಂತಲೇ ಹಿಡಿದಿದ್ದೇನೆ.

ಖರ್ಚಿಗೆ ಬರೋಣ. ಕೋರಾಟ್, ಅಂದರೆ ನಖೋನ್ ರಾಚಸಿಮಾ, ಬ್ಯಾಂಕಾಕ್‌ನಿಂದ ಈಶಾನ್ಯಕ್ಕೆ ಸುಮಾರು 260 ಕಿಲೋಮೀಟರ್ ದೂರದ ದೊಡ್ಡ ಊರು. ಬ್ಯಾಂಕಾಕ್‌ನಷ್ಟು ದುಬಾರಿ ಅಲ್ಲ. ಒಬ್ಬರೇ ಇರುವ ಸಾಧಾರಣ ರೂಮಿಗೆ 4,500 ಬಾತ್ ಹಿಡಿಯಿರಿ. ಕರೆಂಟು, ನೀರಿಗೆ 1,200. ಬಾಡಿಗೆ ಕಟ್ಟಡದವರು ಕರೆಂಟಿಗೆ ಸರ್ಕಾರಿ ದರಕ್ಕಿಂತ ಜಾಸ್ತಿ ಹಾಕುವುದು ಅಲ್ಲಿ ಮಾಮೂಲು, ಎಸಿ ಹಾಕಿದರೆ ಇನ್ನೂ ಏರುತ್ತದೆ. ಊಟಕ್ಕೆ 7,500. ಓಡಾಟಕ್ಕೆ 1,500, ಮೊಬೈಲಿಗೆ 400, ಸೋಷಿಯಲ್ ಸೆಕ್ಯುರಿಟಿ ಕಡಿತ ಹತ್ತಿರ ಹತ್ತಿರ 900, ಇನ್ನಿತರ ಖರ್ಚು 2,000. ಒಟ್ಟು 18 ಸಾವಿರ ಬಾತ್. ಇದು ಜಿಪುಣತನದ ಲೆಕ್ಕವೂ ಅಲ್ಲ, ಧಾರಾಳದ್ದೂ ಅಲ್ಲ. ನೀವು ಸಸ್ಯಾಹಾರಿ ಆಗಿದ್ದರೆ ಊಟದ ಖರ್ಚು ಸ್ವಲ್ಪ ಏರಬಹುದು. ತರಕಾರಿ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಹಾಕುತ್ತಾರೆ. ಹಾಗಾಗಿ ಅಡುಗೆ ಮಾಡಿಕೊಳ್ಳಲು ಜಾಗ ಇರುವ ರೂಮೇ ನೋಡಬೇಕಾಗುತ್ತದೆ.

10 ತಿಂಗಳಿಗೆ 1 ಲಕ್ಷ 80 ಸಾವಿರ ಖರ್ಚು. ಉಳಿದದ್ದು 70 ಸಾವಿರ ಬಾತ್. ಇದರಿಂದ ಮೊದಲ ವರ್ಷದ ಖರ್ಚು ಕಳೆಯಬೇಕು. ಏಜೆಂಟ್ ಫೀಸ್ 60 ಸಾವಿರ ರೂಪಾಯಿ ಅಂದರೆ ಹತ್ತಿರ ಹತ್ತಿರ 22 ಸಾವಿರ ಬಾತ್. ಹೋಗಿ ಬರುವ ವಿಮಾನಕ್ಕೆ 8 ಸಾವಿರ. ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಷನ್, ಪೊಲೀಸ್ ಕ್ಲಿಯರೆನ್ಸ್, ಓಡಾಟ ಎಲ್ಲ ಸೇರಿ 15 ಸಾವಿರ ರೂಪಾಯಿ, ಅಂದರೆ 5,500 ಬಾತ್. ಲಾವೋಸ್ ಪ್ರಯಾಣ, ಅಲ್ಲಿ ಹೋಟೆಲ್, ವೀಸಾ ಫೀಸ್ ಸೇರಿ 8 ಸಾವಿರ. ವರ್ಷದ ವರ್ಕ್ ಪರ್ಮಿಟ್‌ಗೆ 3,100 ಮತ್ತು ವಾಸದ ಅವಧಿ ವಿಸ್ತರಿಸಲು 1,900, ಎರಡೂ ಸೇರಿ 5 ಸಾವಿರ. ಒಟ್ಟು 48,500 ಬಾತ್.

ಕೈಯಲ್ಲಿ ಉಳಿಯುವುದು 21,500 ಬಾತ್. ರೂಪಾಯಿಯಲ್ಲಿ ಸುಮಾರು 59 ಸಾವಿರ. ಇಡೀ ವರ್ಷಕ್ಕೆ! ಹಾಸನದಲ್ಲಿ ಮನೆಯಲ್ಲೇ ಇದ್ದುಕೊಂಡು ನೀವು ವರ್ಷಕ್ಕೆ 84 ಸಾವಿರ ಉಳಿಸುತ್ತಿದ್ದೀರಿ. ರೂಮಿನ ಅಡ್ವಾನ್ಸ್ ಆಗಿ ಎರಡು ತಿಂಗಳ ಬಾಡಿಗೆ ಕಟ್ಟಬೇಕಲ್ಲ, ಅದನ್ನು ನಾನು ಸೇರಿಸಿಲ್ಲ. ವಾಪಸ್ ಬರುತ್ತದೆ ಅಂತ ಬಿಟ್ಟಿದ್ದೇನೆ. ಸಂಬಳ ಇಲ್ಲದ ಆ ಎರಡು ತಿಂಗಳು ಕೋರಾಟ್‌ನಲ್ಲೇ ಉಳಿದರೆ ಈ 21 ಸಾವಿರವೂ ಕರಗಿ ಹೋಗುತ್ತದೆ.

ಈಗ ಅದೇ ಶಾಲೆ, ಅದೇ 25 ಸಾವಿರ. ಮೂರು ವಿಷಯ ಮಾತ್ರ ಬದಲಾಗಲಿ. ಒಪ್ಪಂದ 12 ತಿಂಗಳದ್ದು. ಏಜೆಂಟ್ ಫೀಸ್ ಇಲ್ಲ. ವೀಸಾ ಭಾರತದಲ್ಲೇ ಮಾಡಿಸಿಕೊಂಡು ಹೋಗುತ್ತೀರಿ, ಪರ್ಮಿಟ್ ಮತ್ತು ವಿಸ್ತರಣೆಯ ಖರ್ಚು ಅವರದ್ದು. ಆಗ ವರ್ಷದ ಆದಾಯ 3 ಲಕ್ಷ ಬಾತ್. ಖರ್ಚು 2 ಲಕ್ಷ 16 ಸಾವಿರ. ವಿಮಾನ, ಅಟೆಸ್ಟೇಷನ್, ವೀಸಾ ಫೀಸ್ ಸೇರಿ 15,500 ಕಳೆಯಿರಿ. 68,500 ಬಾತ್ ಉಳಿಯುತ್ತದೆ. ಅಂದರೆ ಸುಮಾರು 1 ಲಕ್ಷ 88 ಸಾವಿರ ರೂಪಾಯಿ. ಮೊದಲಿನದಕ್ಕಿಂತ ಮೂರು ಪಟ್ಟು ಜಾಸ್ತಿ. ಹೇಳುವ ಸಂಬಳ ಎರಡು ಕಡೆಯೂ ಒಂದೇ. ಇದನ್ನು ಮನೆಯವರಿಗೂ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅವರು ಯಾಕೆ ಒಪ್ಪುತ್ತಿಲ್ಲ ಅಂತ ನೀವು ಬರೆದಿಲ್ಲ, ಆದರೆ ದುಡ್ಡಿನ ಮಾತಾದರೆ ಅವರ ಅನುಮಾನಕ್ಕೆ ಕಾರಣ ಇದೆ.

ಎರಡನೇ ವರ್ಷ ಈ ಖರ್ಚುಗಳಲ್ಲಿ ಬಹುಪಾಲು ಇರುವುದಿಲ್ಲ, ಅದೂ ನಿಜ. ಏಜೆಂಟ್ ಇದನ್ನು ಹೇಳಿಯೇ ಹೇಳುತ್ತಾರೆ. ಆದರೆ 10 ತಿಂಗಳ ಒಪ್ಪಂದದಲ್ಲಿ ಎರಡನೇ ವರ್ಷದ ಭರವಸೆ ಎಲ್ಲಿದೆ? ಮಾರ್ಚ್ 15ಕ್ಕೆ ಒಪ್ಪಂದ ಮುಗಿದರೆ ನೀವು ಅಲ್ಲಿರುವ ಹಕ್ಕೂ ಅದರ ಜೊತೆಗೇ ಮುಗಿಯುತ್ತದೆ. ಥಾಯ್ಲೆಂಡ್‌ನಲ್ಲಿ ಕೆಲಸದ ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಕೆಲಸ ಕೊಟ್ಟವರ ಹೆಸರಿಗೇ ಅಂಟಿಕೊಂಡಿರುತ್ತವೆ. ಮೇ ತಿಂಗಳಲ್ಲಿ ಮತ್ತೆ ಕರೆದರೂ ವೀಸಾ ಕೆಲಸ ಪುನಃ ಮೊದಲಿಂದ ಶುರು.

ತೆರಿಗೆಯ ಬಗ್ಗೆ ಒಂದು ಮಾತು. ಏಜೆನ್ಸಿಗಳು ತಿಂಗಳಿಗೆ ಒಂದಿಷ್ಟು ತೆರಿಗೆ ಅಂತ ಹಿಡಿಯುತ್ತವೆ. ನಿಮ್ಮ ಸಂಬಳಕ್ಕೆ ವರ್ಷದ ಕೊನೆಗೆ ನಿಜವಾಗಿ ತೆರಿಗೆ ಬೀಳುವುದೇ ಇಲ್ಲ. 3 ಲಕ್ಷ ಬಾತ್ ಆದಾಯ ಇದ್ದರೂ ಅದರಲ್ಲಿ 1 ಲಕ್ಷ ಖರ್ಚಿನ ಲೆಕ್ಕದಲ್ಲಿ ಕಳೆಯುತ್ತಾರೆ, 60 ಸಾವಿರ ವೈಯಕ್ತಿಕ ರಿಯಾಯಿತಿ. ಉಳಿದ 1 ಲಕ್ಷ 40 ಸಾವಿರ, ತೆರಿಗೆ ಇಲ್ಲದ ಮೊದಲ 1 ಲಕ್ಷ 50 ಸಾವಿರದ ಒಳಗೇ ಬರುತ್ತದೆ. ಹಾಗಾಗಿ ಹಿಡಿದದ್ದಕ್ಕೆ ಸರ್ಟಿಫಿಕೇಟ್ ಕೇಳಿ, ಮುಂದಿನ ವರ್ಷ ಮಾರ್ಚ್ ಒಳಗೆ ರಿಟರ್ನ್ ಹಾಕಿ, ದುಡ್ಡು ವಾಪಸ್ ಪಡೆಯಬಹುದು. ಸರ್ಟಿಫಿಕೇಟ್ ಕೊಡುವುದಿಲ್ಲ ಅನ್ನುವ ಏಜೆನ್ಸಿ ಆ ದುಡ್ಡನ್ನು ಸರ್ಕಾರಕ್ಕೆ ಕಟ್ಟುತ್ತಿದೆಯಾ ಅನ್ನುವುದೇ ಅನುಮಾನ.

ಇನ್ನು ನನಗೆ ದುಡ್ಡಿಗಿಂತ ಜಾಸ್ತಿ ಚಿಂತೆ ಹುಟ್ಟಿಸಿದ ವಿಷಯ. ಟೂರಿಸ್ಟ್ ಆಗಿ ಬನ್ನಿ ಅನ್ನುವ ಮಾತು.

2023ರ ನವೆಂಬರ್‌ನಿಂದ ಥಾಯ್ಲೆಂಡ್ ಭಾರತೀಯರನ್ನು ವೀಸಾ ಇಲ್ಲದೆ ಪ್ರವಾಸಕ್ಕೆ ಬಿಡಲು ಶುರು ಮಾಡಿತು. ಅದಾದ ಮೇಲೆ ಏಜೆಂಟರಿಗೆ ಈ ಮಾತು ಹೇಳುವುದು ತುಂಬಾ ಸುಲಭವಾಗಿದೆ. ಆದರೆ ಹಾಗೆ ಹೋದವರು ಕ್ಲಾಸ್ ತೆಗೆದುಕೊಳ್ಳುವಂತಿಲ್ಲ. ಕಲಿಸಲು ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ನಿಮಗೆ 5 ಸಾವಿರದಿಂದ 50 ಸಾವಿರ ಬಾತ್ ದಂಡ, ದೇಶದಿಂದ ಹೊರಗೆ ಕಳಿಸುತ್ತಾರೆ, ಮುಂದೆ 2 ವರ್ಷ ಪರ್ಮಿಟ್ ಕೊಡುವುದಿಲ್ಲ. ಕೆಲಸ ಕೊಟ್ಟವರಿಗೂ 10 ಸಾವಿರದಿಂದ 1 ಲಕ್ಷ ಬಾತ್ ದಂಡ ಇದೆ. ಆದರೆ ಅವರು ದಂಡ ಕಟ್ಟಿ ಮತ್ತೊಬ್ಬರನ್ನು ಕರೆಸಿಕೊಳ್ಳುತ್ತಾರೆ. ಊರಿಗೆ ಬರಬೇಕಾದವರು ನೀವು.

ಲಾವೋಸ್ ದಾರಿ ಸುಳ್ಳಲ್ಲ. ವಿಯೆಂಟಿಯಾನ್, ಸಾವನ್ನಖೇತ್‌ಗಳಿಗೆ ಹೋಗಿ ವೀಸಾ ತಂದವರು ಸಾಕಷ್ಟು ಜನ ಇದ್ದಾರೆ. ಪ್ರಶ್ನೆ ಏನೆಂದರೆ, ಶಾಲೆಯ ಕಾಗದಗಳು ಸರಿ ಇದ್ದರೆ ಅದನ್ನು ಇಲ್ಲಿಂದಲೇ ಯಾಕೆ ಮಾಡಿಸಬಾರದು? 2025ರ ಜನವರಿಯಿಂದ ಥಾಯ್ ವೀಸಾಕ್ಕೆ ಭಾರತದಿಂದ ಆನ್‌ಲೈನ್‌ನಲ್ಲೇ ಅರ್ಜಿ ಹಾಕುವ ವ್ಯವಸ್ಥೆ ಬಂದಿದೆ. ಕರ್ನಾಟಕದವರ ಅರ್ಜಿ ನೋಡುವುದು ಚೆನ್ನೈನ ಥಾಯ್ ಕಾನ್ಸುಲೇಟ್. ಅವರು ಶಾಲೆಯ ಪತ್ರ ಕೇಳುತ್ತಾರೆ, ಥಾಯ್ಲೆಂಡ್‌ನ ಕಾರ್ಮಿಕ ಅಥವಾ ಶಿಕ್ಷಣ ಇಲಾಖೆಯ ಕಾಗದ ಕೇಳುತ್ತಾರೆ. ಅವು ನಿಜವಾಗಿ ಇದ್ದರೆ ಒಂದಿಷ್ಟು ದಿನದಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದಾಗಲೇ ಸಾಮಾನ್ಯವಾಗಿ ಮೊದಲು ಬನ್ನಿ, ಆಮೇಲೆ ನೋಡೋಣ ಅನ್ನುವ ಮಾತು ಬರುವುದು. ಈ ಒಂದು ಷರತ್ತನ್ನು ಸಡಿಲ ಮಾಡಬೇಡಿ: ವೀಸಾ ಕೈಗೆ ಬಾರದೆ ಟಿಕೆಟ್ ತೆಗೆಯುವುದಿಲ್ಲ.

ಇದರ ಹಿಂದೆ ಇನ್ನೂ ಕೆಟ್ಟದೊಂದು ಇದೆ, ಹೇಳದೆ ಇರಲಾರೆ. ಥಾಯ್ಲೆಂಡ್‌ನಲ್ಲಿ ಕೆಲಸ ಅಂತ ಕರೆಸಿಕೊಂಡು, ಬ್ಯಾಂಕಾಕ್ ಏರ್‌ಪೋರ್ಟ್‌ನಿಂದ ಕಾರಿನಲ್ಲಿ ಮ್ಯಾ ಸೋಟ್ ಎಂಬ ಗಡಿ ಊರಿಗೆ ಒಯ್ದು, ಹೊಳೆ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಾಡಿಯಲ್ಲಿ ಕೂಡಿಹಾಕುವ ಜಾಲ ಇದೆ. ಅಲ್ಲಿ ಆನ್‌ಲೈನ್ ವಂಚನೆ ಕೆಲಸ ಮಾಡಿಸುತ್ತಾರೆ. 2022ರಲ್ಲೇ ವಿದೇಶಾಂಗ ಇಲಾಖೆ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಎರಡು ದಿನದಲ್ಲಿ 549 ಭಾರತೀಯರನ್ನು ಮ್ಯಾ ಸೋಟ್‌ನಿಂದ ವಾಪಸ್ ಕರೆತಂದರು. ಹೆಚ್ಚಿನವರಿಗೆ ಹೇಳಿದ್ದು ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ. ಟೀಚರ್ ಕೆಲಸ ಅಂತಲೂ ಅದೇ ಗಾಳ ಹಾಕಬಹುದು. ನಿಮ್ಮ ಆಫರ್ ಅಂಥದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಗುರುತು ಹಿಡಿಯುವುದು ಕಷ್ಟ ಅಲ್ಲ. ನಿಜವಾದ ಶಾಲೆ ಡೆಮೊ ಕ್ಲಾಸ್ ಕೇಳುತ್ತದೆ, ವಿಡಿಯೋದಲ್ಲಾದರೂ ಸರಿ. ಯಾವ ತರಗತಿ, ಯಾವ ಪುಸ್ತಕ ಅಂತ ಅವರೇ ಮಾತಾಡುತ್ತಾರೆ. ಟೈಪಿಂಗ್ ಸ್ಪೀಡ್ ಕೇಳಿದರೆ, ಇಂಟರ್‌ವ್ಯೂ ಬರೀ ಚಾಟ್‌ನಲ್ಲೇ ಮುಗಿದರೆ, ಶಾಲೆಯ ಹೆಸರನ್ನು ನೀವು ಇಲ್ಲಿಗೆ ಬಂದ ಮೇಲೆ ಹೇಳುತ್ತೇವೆ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಕೋರಾಟ್ ಇರುವುದು ಬ್ಯಾಂಕಾಕ್‌ನ ಈಶಾನ್ಯಕ್ಕೆ. ಮ್ಯಾ ಸೋಟ್ ಅದಕ್ಕೆ ತೀರಾ ಬೇರೆ ದಿಕ್ಕಿನಲ್ಲಿ, ಬ್ಯಾಂಕಾಕ್‌ನಿಂದ ಸುಮಾರು 500 ಕಿಲೋಮೀಟರ್ ದೂರ. ಹೋಗುವುದೇ ಆದರೆ ಏಜೆನ್ಸಿ ಕಾರು ಬೇಡ ಅನ್ನಿ. ಬ್ಯಾಂಕಾಕ್‌ನಿಂದ ಕೋರಾಟ್‌ಗೆ ಬಸ್ಸಿದೆ, ರೈಲಿದೆ. ಮೊಬೈಲ್‌ನ ಲೊಕೇಶನ್ ಮನೆಯವರಿಗೆ ಕಾಣುವ ಹಾಗೆ ಇಟ್ಟುಕೊಂಡು ನೀವೇ ಹೋಗಿ.

ಏಜೆಂಟ್ ಫೀಸ್ ವಿಚಾರ. ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ನಿಮ್ಮಿಂದ ಕೇಳಿರುವುದು ಅದರ ಎರಡು ಪಟ್ಟು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅಲ್ಲಿ ಅವರ ಹೆಸರು ಹುಡುಕಿ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಅವರು ಕೊಡುವ ಸರ್ಟಿಫಿಕೇಟ್‌ನ ಫೋಟೋ ನಂಬಬೇಡಿ.

ಇಲ್ಲಿ ಒಂದು ಜಾಣತನದ ಮಾತು ಕೇಳಿಬರುತ್ತದೆ: ಮೇಡಂ, ನೀವು ಓದಿದವರು, ನಿಮ್ಮದು ಇಸಿಎನ್‌ಆರ್ ಪಾಸ್‌ಪೋರ್ಟ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಬೇಡದ ಪಾಸ್‌ಪೋರ್ಟ್), ನಿಮಗೆ ಈ ನಿಯಮ ಎಲ್ಲ ಬರುವುದಿಲ್ಲ. ಇದರಲ್ಲಿ ಅರ್ಧ ನಿಜ ಇದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಥಾಯ್ಲೆಂಡ್‌ಗೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿಲ್ಲ. ಹಾಗಾಗಿ ನಿಮಗೂ ಬೇಡ. ಆದರೆ ನಿಮಗೆ ಕ್ಲಿಯರೆನ್ಸ್ ಬೇಡ ಅಂದ ಮಾತ್ರಕ್ಕೆ ಏಜೆಂಟ್‌ಗೆ ಲೈಸೆನ್ಸ್ ಬೇಡ ಅಂತಲ್ಲ. ಅದು ಅವರಿಗೆ ಬೇಕೇ ಬೇಕು.

ಪಾಸ್‌ಪೋರ್ಟ್ ಮತ್ತು ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು ಇಲ್ಲಿ ಏಜೆಂಟ್ ಹತ್ತಿರವಾಗಲಿ, ಅಲ್ಲಿ ಏಜೆನ್ಸಿ ಹತ್ತಿರವಾಗಲಿ ಬಿಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಕೆಲಸ ಕೊಟ್ಟವರು ಅದನ್ನು ಇಟ್ಟುಕೊಳ್ಳುವುದು ಥಾಯ್ ಕಾನೂನಿನಲ್ಲೂ ಅಪರಾಧ. ಕಚೇರಿಯಲ್ಲಿ ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ.

ದಂಡದ ಷರತ್ತು ನನಗೆ ಸಿಟ್ಟು ತರಿಸುತ್ತದೆ. ಮಧ್ಯದಲ್ಲಿ ಬಿಟ್ಟರೆ 20 ಸಾವಿರ ಬಾತ್ ಅಂತಾರೆ. ಅವರು ಮಧ್ಯದಲ್ಲಿ ನಿಮ್ಮನ್ನು ತೆಗೆದರೆ ಏನು ಕೊಡುತ್ತಾರೆ? ಆ ಸಾಲು ಒಪ್ಪಂದದಲ್ಲಿ ಇದೆಯಾ ಹುಡುಕಿ. ಇಂಥ ದಂಡವನ್ನು ಸಾಮಾನ್ಯವಾಗಿ ಕೊನೆಯ ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಥಾಯ್ ಕಾರ್ಮಿಕ ಕಾನೂನು ಮನಸ್ಸಿಗೆ ಬಂದ ಹಾಗೆ ಸಂಬಳ ಕಡಿತ ಮಾಡಲು ಬಿಡುವುದಿಲ್ಲ. ಆದರೆ ಭಾಷೆ ಬಾರದ ಊರಲ್ಲಿ ಆಮೇಲೆ ಜಗಳ ಆಡುವುದಕ್ಕಿಂತ ಮೊದಲೇ ತೆಗೆಸುವುದು ಒಳ್ಳೆಯದು. ಎರಡೂ ಕಡೆಗೆ ಒಂದು ತಿಂಗಳ ನೋಟಿಸ್, ದಂಡ ಯಾರಿಗೂ ಇಲ್ಲ. ಇಷ್ಟು ಬರೆಯಿಸಿಕೊಳ್ಳಿ. ಒಪ್ಪಂದ ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದ್ದರೆ, ಭಿನ್ನಾಭಿಪ್ರಾಯ ಬಂದಾಗ ಯಾವುದು ನಡೆಯುತ್ತದೆ ಅಂತಲೂ ನೋಡಿ. ಹೆಚ್ಚಿನ ಸಲ ಥಾಯ್ ಪ್ರತಿಯೇ ನಡೆಯುತ್ತದೆ. ಅದನ್ನು ಬೇರೆ ಯಾರಿಂದಲಾದರೂ ಓದಿಸಿ.

ಕೆಲಸದ ಹೊರೆ ಬಗ್ಗೆ ನೀವು ಕೇಳಿಲ್ಲ. ಆದರೂ ನ್ಯಾಯ ಅಂದಮೇಲೆ ಅದೂ ಸೇರುತ್ತದೆ ಅಲ್ವಾ. ವಾರಕ್ಕೆ 18ರಿಂದ 25 ಪೀರಿಯಡ್ ಅಲ್ಲಿ ಮಾಮೂಲು. ಸರ್ಕಾರಿ ಶಾಲೆಯ ಒಂದು ಕ್ಲಾಸಿನಲ್ಲಿ 40, 45 ಮಕ್ಕಳು ಇರುತ್ತಾರೆ. ನಮ್ಮ ಕಡೆಯ ಟೀಚರ್‌ಗಳಿಗೆ ಅದು ದೊಡ್ಡ ವಿಷಯವೇ ಅಲ್ಲ. ಸುಸ್ತಾಗಿಸುವುದು ಪೀರಿಯಡ್ ಅಲ್ಲದ ಕೆಲಸ. ಒಪ್ಪಂದದಲ್ಲಿ ಶಾಲೆ ಹೇಳುವ ಇತರೆ ಕೆಲಸಗಳು ಅಂತ ಒಂದು ಸಾಲು ಇರುತ್ತದೆ. ಅದರ ಒಳಗೆ ಏನೇನಿದೆ ಗೊತ್ತಾ? ಬೆಳಗ್ಗೆ ಏಳೂಕಾಲಿಗೆ ಗೇಟಿನ ಹತ್ತಿರ ನಿಂತು ಮಕ್ಕಳಿಗೆ ಗುಡ್ ಮಾರ್ನಿಂಗ್ ಹೇಳುವುದು. ಎಂಟು ಗಂಟೆಗೆ ರಾಷ್ಟ್ರಗೀತೆ, ಧ್ವಜ ಏರುವಾಗ ಬಿಸಿಲಲ್ಲಿ ಸಾಲಿನಲ್ಲಿ ನಿಲ್ಲುವುದು. ಶನಿವಾರ ಇಂಗ್ಲಿಷ್ ಕ್ಯಾಂಪ್. ಸ್ಪರ್ಧೆಗೆ ಮಕ್ಕಳನ್ನು ಸಂಜೆ ಆರರವರೆಗೆ ತಯಾರು ಮಾಡುವುದು. ಬೆರಳಚ್ಚು ಯಂತ್ರದಲ್ಲಿ ಹಾಜರಿ, ಮೂರು ಸಲ ತಡವಾದರೆ ಒಂದು ದಿನದ ಸಂಬಳ ಕಟ್ ಮಾಡುವ ಏಜೆನ್ಸಿಗಳೂ ಇವೆ. ಈ ಕೆಲಸಗಳಲ್ಲಿ ತಪ್ಪೇನಿಲ್ಲ, ಥಾಯ್ ಟೀಚರ್‌ಗಳೂ ಮಾಡುತ್ತಾರೆ. ಗೇಟ್ ಡ್ಯೂಟಿ ನನಗಂತೂ ಇಷ್ಟ ಆಗುತ್ತಿತ್ತು, ಮಕ್ಕಳ ಹೆಸರು ಕಲಿತದ್ದೇ ಅಲ್ಲಿ. ಆದರೆ ಶನಿವಾರದ ಕೆಲಸಕ್ಕೆ ಬೇರೆ ದುಡ್ಡು ಇದೆಯಾ, ತಿಂಗಳಿಗೆ ಎಷ್ಟು ಶನಿವಾರ, ಇದನ್ನು ಮಾತ್ರ ಮೊದಲೇ ಬರೆಯಿಸಿಕೊಳ್ಳಿ.

ಈಗ ಅಮೆರಿಕದವರ 38 ಸಾವಿರದ ಮಾತು. ಇದು ಅನ್ಯಾಯ. ಬಣ್ಣ ಹಚ್ಚಿ ಹೇಳುವುದಕ್ಕೆ ಏನೂ ಇಲ್ಲ. ಅಲ್ಲಿ ಇಂಗ್ಲಿಷ್ ಟೀಚರ್‌ಗಳ ಸಂಬಳ ಬಹುಮಟ್ಟಿಗೆ ಪಾಸ್‌ಪೋರ್ಟ್ ನೋಡಿ ನಿರ್ಧಾರವಾಗುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ದೇಶದವರಿಗೆ ಒಂದು ದರ, ಫಿಲಿಪ್ಪೀನ್ಸ್, ಭಾರತ, ಆಫ್ರಿಕಾದ ದೇಶಗಳವರಿಗೆ ಇನ್ನೊಂದು. ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿ ಆರು ವರ್ಷ ಕಲಿಸಿದ ನಿಮಗಿಂತ, ಯಾವುದೋ ವಿಷಯದಲ್ಲಿ ಡಿಗ್ರಿ ಮಾಡಿ ನಿನ್ನೆ ಬಂದಿಳಿದ ಇಪ್ಪತ್ತೆರಡರ ಹುಡುಗನಿಗೆ ಜಾಸ್ತಿ ಸಿಗುತ್ತದೆ. ನೋವಾಗುವ ವಿಷಯ. ಈ ಒಂದು ಆಫರ್‌ನಲ್ಲಿ ಅದನ್ನು ಬದಲಿಸಲು ನಿಮ್ಮಿಂದ ಆಗುವುದಿಲ್ಲ. ಆದರೆ ಅದೇ ಸ್ಟಾಫ್ ರೂಮಿನ ಫಿಲಿಪ್ಪೀನ್ಸ್ ಟೀಚರ್‌ಗೆ ಎಷ್ಟು ಕೊಡುತ್ತಾರೆ ಅಂತ ಕೇಳಬಹುದು. ನಮ್ಮಂಥವರಿಗೆ ಏಜೆನ್ಸಿಗಳು 15 ಸಾವಿರದಿಂದ 25 ಸಾವಿರದವರೆಗೆ ಹೇಳುವುದನ್ನು ನೋಡಿದ್ದೇನೆ. ಆ ಲೆಕ್ಕದಲ್ಲಿ ನಿಮ್ಮ 25 ಸಾವಿರ ಕೆಟ್ಟ ಅಂಕಿ ಅಲ್ಲ. ಅದನ್ನು ಸುತ್ತಿಕೊಂಡಿರುವ ಷರತ್ತುಗಳು ಕೆಟ್ಟವು.

ನಿಮ್ಮ ಬಿ.ಎಡ್.ಗೆ ಅಲ್ಲಿ ಬೆಲೆ ಇದೆ, ಇದನ್ನು ನೀವೇ ಮರೆಯಬೇಡಿ. ಥಾಯ್ಲೆಂಡ್‌ನಲ್ಲಿ ಶಾಲಾ ಟೀಚರ್‌ಗಳ ಲೈಸೆನ್ಸ್ ನೋಡಿಕೊಳ್ಳುವುದು ಖುರುಸಫಾ ಎಂಬ ಶಿಕ್ಷಕರ ಮಂಡಳಿ. ಲೈಸೆನ್ಸ್ ಇಲ್ಲದವರಿಗೆ ಶಾಲೆಯ ಮೂಲಕ ತಾತ್ಕಾಲಿಕ ಅನುಮತಿ ಕೊಡುತ್ತಾರೆ, ಒಮ್ಮೆಗೆ 2 ವರ್ಷಕ್ಕೆ. ಶಿಕ್ಷಣದ ಡಿಗ್ರಿ ಇಲ್ಲದ ಎಷ್ಟೋ ಜನ ಈ ಅನುಮತಿಯ ಮೇಲೇ ವರ್ಷಗಟ್ಟಲೆ ಒದ್ದಾಡುತ್ತಿರುತ್ತಾರೆ. ಹಾಗಾಗಿ ನಿಮ್ಮಂಥವರನ್ನು ಹುಡುಕುವ ಶಾಲೆಗಳೂ ಇವೆ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಂದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ, 600 ಅನ್ನುವುದು ರೂಢಿ. ಆ ಪರೀಕ್ಷೆಯನ್ನು ಇಲ್ಲೇ ಬರೆದು 900 ದಾಟಿದ ಅಂಕಪಟ್ಟಿ ಇಟ್ಟುಕೊಂಡರೆ ಚೌಕಾಸಿ ಮಾಡುವಾಗ ಮಾತಿಗೆ ತೂಕ ಬರುತ್ತದೆ. ಇನ್ನೊಂದು ದಾರಿ, ಇಂಗ್ಲಿಷ್ ಪ್ರೋಗ್ರಾಂ ಇರುವ ಶಾಲೆಗಳು. ಅಲ್ಲಿ ಗಣಿತ, ವಿಜ್ಞಾನವನ್ನೂ ಇಂಗ್ಲಿಷಿನಲ್ಲೇ ಕಲಿಸುತ್ತಾರೆ, ಸಂಬಳವೂ ಜಾಸ್ತಿ, ಹೆಚ್ಚಿನ ಕಡೆ ಒಪ್ಪಂದ ನೇರವಾಗಿ ಶಾಲೆಯ ಜೊತೆಗೇ. ಭಾರತೀಯ ಟೀಚರ್‌ಗಳು ಜಾಸ್ತಿ ಕಾಣುವುದೂ ಇಂಥ ಶಾಲೆಗಳಲ್ಲೇ.

ಈ ವಾರ ಏನು ಮಾಡಬೇಕು ಅಂದರೆ, ಏಜೆನ್ಸಿಗೆ ಒಂದು ಇಮೇಲ್ ಬರೆಯಿರಿ. ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ. ಧಾಟಿ ಹೀಗಿರಲಿ: ನಿಮ್ಮ ಶಾಲೆಯಲ್ಲಿ ಕಲಿಸಲು ನನಗೆ ಇಷ್ಟ ಇದೆ. ಸಹಿ ಹಾಕುವ ಮೊದಲು ಈ ವಿಷಯಗಳನ್ನು ಒಪ್ಪಂದದಲ್ಲಿ ಸೇರಿಸಬೇಕು. ಒಪ್ಪಂದ 12 ತಿಂಗಳದ್ದಾಗಿರಲಿ, ಅಥವಾ 11 ತಿಂಗಳ ಸಂಬಳವಾದರೂ ಇರಲಿ. ಅಕ್ಟೋಬರ್ ಸಂಬಳ ಪೂರ್ತಿ ಅಂತ ಬರೆದಿರಲಿ. ವೀಸಾ ಚೆನ್ನೈ ಮೂಲಕ ಮಾಡಿಸುತ್ತೇನೆ, ಅದಕ್ಕೆ ಬೇಕಾದ ಕಾಗದ ಕಳಿಸಿ. ವರ್ಕ್ ಪರ್ಮಿಟ್ ಖರ್ಚು ನಿಮ್ಮದು. ಪರ್ಮಿಟ್‌ನಲ್ಲಿ ನಾನು ಕಲಿಸುವ ಶಾಲೆಯ ಹೆಸರು, ವಿಳಾಸ ಇರಬೇಕು. ದಂಡದ ಷರತ್ತು ತೆಗೆಯಬೇಕು. ಈಗ ಆ ಶಾಲೆಯಲ್ಲಿರುವ ವಿದೇಶಿ ಟೀಚರ್ ಒಬ್ಬರ ಜೊತೆ ಮಾತಾಡಿಸಿ.

ಕೊನೆಯದು ಮುಖ್ಯ. ಅವರೇ ಕೊಡುವ ನಂಬರ್ ಜೊತೆಗೆ, ಕಳೆದ ವರ್ಷ ಆ ಶಾಲೆ ಬಿಟ್ಟವರು ಯಾರಾದರೂ ಸಿಗುತ್ತಾರಾ ನೀವೇ ಹುಡುಕಿ. ಶಾಲೆಯ ಫೇಸ್‌ಬುಕ್ ಪುಟ ಸಾಕು. ಥಾಯ್ ಶಾಲೆಗಳು ಪ್ರತಿ ಕಾರ್ಯಕ್ರಮದ ಫೋಟೋ ಹಾಕುತ್ತವೆ, ವಿದೇಶಿ ಟೀಚರ್‌ಗಳು ಅದರಲ್ಲಿ ಇರುತ್ತಾರೆ. ಅವರನ್ನು ಮೂರೇ ಪ್ರಶ್ನೆ ಕೇಳಿ: ಸಂಬಳ ಯಾವ ತಾರೀಖಿಗೆ ಬರುತ್ತಿತ್ತು, ವರ್ಕ್ ಪರ್ಮಿಟ್ ಕೈಗೆ ಸಿಗಲು ಎಷ್ಟು ದಿನ ಆಯಿತು, ಕೊನೆಯ ತಿಂಗಳ ಸಂಬಳ ಪೂರ್ತಿ ಕೊಟ್ಟರಾ. ಮೂರನೇ ಪ್ರಶ್ನೆಯ ಉತ್ತರ ಬಹಳಷ್ಟು ಹೇಳುತ್ತದೆ.

ಅವರು ಎಲ್ಲಕ್ಕೂ ಒಪ್ಪುವುದಿಲ್ಲ. 12 ತಿಂಗಳ ಬದಲು 11ಕ್ಕೆ ಬಂದರೆ, ಉಳಿದದ್ದಕ್ಕೆ ಒಪ್ಪಿದರೆ ನಾನಾದರೆ ಹೋಗುತ್ತೇನೆ. ವೀಸಾ ವಿಷಯದಲ್ಲಿ ಮಾತ್ರ ಟೂರಿಸ್ಟ್ ದಾರಿಯೇ ಅಂದರೆ, ಎಷ್ಟೇ ಸಂಬಳ ಏರಿಸಿದರೂ ಬೇಡ. ಒಂದು ವಾರ ಅಂತ ಅವಸರ ಮಾಡುತ್ತಿದ್ದಾರಲ್ಲ, ಅದಕ್ಕೆ ಹೆದರಬೇಡಿ. ಮೇ ತಪ್ಪಿದರೆ ನವೆಂಬರ್‌ನಲ್ಲಿ ಎರಡನೇ ಸೆಮಿಸ್ಟರ್ ಶುರುವಾಗುತ್ತದೆ, ಆಗಲೂ ಟೀಚರ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಡಿಗ್ರಿ ಅಟೆಸ್ಟೇಷನ್, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಟೋಯಿಕ್ ಎಲ್ಲ ಮುಗಿಸಿಕೊಳ್ಳಬಹುದು. ಅವು ಯಾವ ಶಾಲೆಗೆ ಹೋದರೂ ಬೇಕಾಗುತ್ತವೆ, ಈ ಏಜೆಂಟ್ ಇಲ್ಲದೆಯೂ ನೀವೇ ಮಾಡಿಸಬಹುದು. ಕ್ಲಿಯರೆನ್ಸ್‌ಗೆ ಮಾತ್ರ ತುಂಬಾ ಮುಂಚೆ ಹೋಗಬೇಡಿ, ಹಳೆಯದಾದರೆ ತೆಗೆದುಕೊಳ್ಳುವುದಿಲ್ಲ.

ಹೋದ ಮೇಲೆ ನೆನಪಿಡಬೇಕಾದ ಎರಡು ವಿಷಯ ಈಗಲೇ ಬರೆದುಕೊಳ್ಳಿ. 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸಬೇಕು. ಅಕ್ಟೋಬರ್ ರಜೆಯಲ್ಲಿ ಊರಿಗೆ ಬರುವುದಾದರೆ ಹೊರಡುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಬೇಕು, ಒಂದು ಸಲಕ್ಕೆ 1,000 ಬಾತ್. ಅದಿಲ್ಲದೆ ದೇಶ ಬಿಟ್ಟರೆ ವೀಸಾ ಅವಧಿ ಅಲ್ಲಿಗೇ ರದ್ದಾಗುತ್ತದೆ.

ಅವರ ಉತ್ತರ ಬಂದ ಮೇಲೆ ಒಪ್ಪಂದದ ಎಲ್ಲಾ ಪುಟಗಳನ್ನೂ ನನಗೆ ಕಳಿಸಿ, ಥಾಯ್ ಪ್ರತಿ ಸೇರಿ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು ಕಾಣದ ಹಾಗೆ ಮುಚ್ಚಿ ಕಳಿಸಿ. ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಏಜೆಂಟ್‌ಗೆ ಟೋಕನ್ ಅಡ್ವಾನ್ಸ್ ಅಂತಲೂ ಒಂದು ರೂಪಾಯಿ ಕೊಡಬೇಡಿ, ಈಗಿನ ಶಾಲೆಗೆ ರಾಜೀನಾಮೆಯನ್ನೂ ಕೊಡಬೇಡಿ.